ಲೀಟರಿಗೆ ಎಷ್ಟು ಓಡುತ್ತದೆ? ಡೀಸೆಲ್ ವಾಹನದ ನಿಜವಾದ ಲೆಕ್ಕ

ಪ್ರತಿವರ್ಷ ಪುಷ್ಯ ಬಹುಳ ದ್ವಾದಶಿಯಿಂದ ಆರು ದಿನಗಳ ಕಾಲ ಕಪಿಲಾ ತೀರದ ಸುತ್ತೂರು ಶ್ರೀಕ್ಷೇತ್ರದಲ್ಲಿ ಆದಿಜಗದ್ಗುರು ಶ್ರೀ ಶಿವರಾತ್ರೀಶ್ವರ ಶಿವಯೋಗಿಗಳವರ ಜಾತ್ರಾ ಮಹೋತ್ಸವ ನೆರವೇರುತ್ತದೆ. ಹಿಂದೆ ಭಕ್ತರು ಎತ್ತಿನ ಗಾಡಿಗೆ ಕಮಾನು ಕಟ್ಟಿಕೊಂಡು, ಬುತ್ತಿ ಸಮೇತ ಬಂದು ಬೀಡು ಬಿಡುತ್ತಿದ್ದರು. ಈಗ ನಂಜನಗೂಡಿನ ಕಡೆಯಿಂದಲೂ ತಿರುಮಕೂಡಲು ನರಸೀಪುರದ ಕಡೆಯಿಂದಲೂ ಬರುವ ದಾರಿಗಳಲ್ಲಿ ಜೀಪು, ಟೆಂಪೊ, ಲಾರಿಗಳ ಸಾಲು. ಅವುಗಳ ನಡುವೆ ಎತ್ತರವಾದ ದೊಡ್ಡ ಡೀಸೆಲ್ ಕಾರುಗಳು, ಅಂದರೆ ಎಸ್‌ಯುವಿಗಳು, ಹೆಚ್ಚಾಗಿವೆ. ಒಕ್ಕಲುತನದ ಮನೆಗಳು ಸಾಲ ಮಾಡಿ ಇಂಥ ವಾಹನ ಕೊಳ್ಳುವುದು ಇಂದು ಸಾಮಾನ್ಯ ಸಂಗತಿ. ಕೊಳ್ಳುವ ಮುನ್ನ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಮೈಲೇಜ್ ಎಷ್ಟು? ಮಾರುವವರು ಒಂದು ಅಂಕಿ ಹೇಳುತ್ತಾರೆ; ಮನೆಗೆ ತಂದ ಮೇಲೆ ಆ ಅಂಕಿ ಕೈಗೆ ಸಿಗುವುದಿಲ್ಲ.

ಇದನ್ನು ಮೋಸವೆನ್ನುವುದು ಸರಿಯಲ್ಲ. ಹೇಳಿದ ಅಂಕಿ ಪರೀಕ್ಷಾಲಯದ್ದು. ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಚಕ್ರ ತಿರುಗಿಸಿ, ಗೊತ್ತುಪಡಿಸಿದ ಕ್ರಮದಲ್ಲಿ ವೇಗ ಏರಿಳಿಸಿ ಅಳೆಯುತ್ತಾರೆ. ಇಂಥ ಪರೀಕ್ಷೆ ನಡೆಸುವ ಸಂಸ್ಥೆಗಳಲ್ಲಿ ಪುಣೆಯ ಎ.ಆರ್.ಎ.ಐ. ಪ್ರಮುಖವಾದುದು. ನಮ್ಮ ದೇಶ ಬಹುಕಾಲದಿಂದ ಅನುಸರಿಸಿದ ಕ್ರಮದಲ್ಲಿ ಓಟ ಇಪ್ಪತ್ತು ನಿಮಿಷಕ್ಕೂ ಕಡಿಮೆ; ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್, ಸರಾಸರಿ ಮೂವತ್ತರ ಆಸುಪಾಸು. ಎ.ಸಿ. ಬಂದ್ ಆಗಿರುತ್ತದೆ. ಅಲ್ಲಿ ಉಬ್ಬು ತಗ್ಗುಗಳಿಲ್ಲ, ಎದುರುಗಾಳಿಯಿಲ್ಲ, ದಾರಿಗೆ ಅಡ್ಡ ಬರುವ ದನಕರುಗಳಿಲ್ಲ. 12 ಟನ್ನಿಗೆ ಮೀರಿದ ಲಾರಿಗಳಿಗೆ 2017ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಇಂಧನ ಮಿತಿಯೂ ಏಕರೀತಿಯ 40 ಮತ್ತು 60 ಕಿಲೋಮೀಟರ್ ವೇಗದಲ್ಲಿ ಅಳೆದದ್ದು. ಒಂದು ವಾಹನವನ್ನು ಮತ್ತೊಂದರೊಡನೆ ಹೋಲಿಸಲು ಈ ಅಂಕಿಗಳು ಉಪಯುಕ್ತ. ಮನೆಯ ಖರ್ಚು ಅಂದಾಜು ಮಾಡಲು ಅಲ್ಲ.

ನಮ್ಮ ವಾಹನದ ನಿಜವಾದ ಓಟ ತಿಳಿಯಲು ಒಂದು ನೋಟ್‌ಬುಕ್ ಸಾಕು. ಬಂಕಿನಲ್ಲಿ ಟ್ಯಾಂಕು ತುಂಬಿಸಿ, ಮೀಟರಿನ ಕಿಲೋಮೀಟರನ್ನು ಬರೆದಿಡುವುದು. ಮುಂದಿನ ಸಲ ಅದೇ ಬಂಕಿನಲ್ಲಿ ಪುನಃ ತುಂಬಿಸಿ, ಹಿಡಿದ ಲೀಟರನ್ನೂ ಓಡಿದ ದೂರವನ್ನೂ ಬರೆಯುವುದು. 520 ಕಿಲೋಮೀಟರಿಗೆ 42 ಲೀಟರ್ ಹಿಡಿದರೆ ಲೀಟರಿಗೆ 12.4 ಎಂದಾಯಿತು. ಒಂದು ಸಲದ ಲೆಕ್ಕವನ್ನು ನಂಬಬಾರದು, ನಾಲ್ಕೈದು ಸಲದ ಸರಾಸರಿ ತೆಗೆಯಬೇಕು. ಐನೂರು ರೂಪಾಯಿಗೆ, ಸಾವಿರಕ್ಕೆ ಎಂದು ಬಿಡಿಬಿಡಿಯಾಗಿ ಹಾಕಿಸುವವರಿಗೆ ಈ ಲೆಕ್ಕ ಎಂದಿಗೂ ಸಿಗದು.

ಓಟ ಕುಗ್ಗಲು ಮುಖ್ಯ ಕಾರಣ ವೇಗ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 80ರಲ್ಲಿ ಹೋಗುವ ವಾಹನವನ್ನು 100ಕ್ಕೆ ಏರಿಸಿದರೆ ಪ್ರತಿರೋಧ ಅರ್ಧಕ್ಕಿಂತ ಹೆಚ್ಚು, ಶೇಕಡಾ 56ರಷ್ಟು ಏರುತ್ತದೆ. ಎತ್ತರವೂ ಅಗಲವೂ ಆದ ಎದೆಯಿರುವ ಎಸ್‌ಯುವಿಗೆ ಇದರ ಪೆಟ್ಟು ಸಣ್ಣ ಕಾರಿಗಿಂತ ಜೋರು. ಮೇಲೆ ಕ್ಯಾರಿಯರ್ ಕಟ್ಟಿ ಚೀಲ ಹೇರಿದರಂತೂ ಕೇಳುವುದೇ ಬೇಡ. ಟೈರಿನ ಗಾಳಿ ಕಡಿಮೆಯಿದ್ದರೆ, ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿದ್ದರೆ, ನಿಂತಲ್ಲೇ ಎಂಜಿನ್ ಚಾಲೂ ಇಟ್ಟು ಹರಟೆ ಹೊಡೆದರೆ ನಷ್ಟ ಇದ್ದದ್ದೇ. ಇವು ಬಲ್ಲವರಿಗೆ ಹೊಸತಲ್ಲ.

ಹೊಸತಾದ ಒಂದು ಸಂಗತಿಯಿದೆ. 2020ರ ಏಪ್ರಿಲ್ 1ರಿಂದ ಮಾರಾಟವಾದ ಬಿ.ಎಸ್. 6 ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಒಂದು ಜರಡಿಯಿದೆ, ಅದಕ್ಕೆ ಡಿ.ಪಿ.ಎಫ್. ಎನ್ನುತ್ತಾರೆ. ಮಸಿ ತುಂಬಿದಾಗ ಎಂಜಿನ್ ತಾನಾಗಿ ಸ್ವಲ್ಪ ಹೆಚ್ಚು ಡೀಸೆಲ್ ಉರಿಸಿ, ಆ ಕಾವಿನಿಂದ ಮಸಿಯನ್ನು ಸುಟ್ಟು ತೆಗೆಯುತ್ತದೆ. ಇದಕ್ಕೆ ಹೆದ್ದಾರಿಯಲ್ಲಿ ಒಂದೇ ಸಮನಾದ ದೂರದ ಓಟ ಬೇಕು. ನಮ್ಮ ಮನೆಗಳ ವಾಹನವಾದರೋ ಬೆಳಿಗ್ಗೆ ಡೈರಿಗೆ, ಮಧ್ಯಾಹ್ನ ಶಾಲೆಗೆ, ಸಂಜೆ ತೋಟಕ್ಕೆ ಎಂದು ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುತ್ತದೆ. ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಮೊದಲಿನಿಂದ ಆರಂಭವಾಗುತ್ತದೆ, ಡೀಸೆಲ್ ಪೋಲಾಗುತ್ತದೆ. ಕೊನೆಗೆ ದೀಪ ಹತ್ತಿ ವರ್ಕ್‌ಶಾಪಿನ ದಾರಿ ಹಿಡಿಯಬೇಕಾಗುತ್ತದೆ. ಹಳ್ಳಿಯೊಳಗಿನ ಓಡಾಟವೇ ಹೆಚ್ಚಾಗಿರುವ ಮನೆಗೆ ಡೀಸೆಲ್ ವಾಹನ ತಕ್ಕದ್ದಲ್ಲವೆಂದು ಈ ಲೇಖಕನ ಅಭಿಪ್ರಾಯ.

ಲಾರಿಯ ವಿಷಯ ಬೇರೆ. ನಂಜನಗೂಡು ತಾಲ್ಲೂಕಿನ ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೋಗುವ ಲಾರಿ ಬರುವಾಗ ಬರಿದಾಗಿ ಬರುತ್ತದೆ. ಹೋಗುವಾಗ 10 ಟನ್ ಹೊತ್ತು ಲೀಟರಿಗೆ 4 ಕಿಲೋಮೀಟರ್, ಬರುವಾಗ 6 ಎಂದು ಹಿಡಿದರೆ, 50 ಕಿಲೋಮೀಟರ್ ದೂರಕ್ಕೆ ಹೋಗಿಬರಲು ಸುಮಾರು 21 ಲೀಟರ್. ಬರಿದಾಗಿ ಬಂದ ಎಂಟು ಚಿಲ್ಲರೆ ಲೀಟರಿನ ಖರ್ಚನ್ನೂ ಆ 10 ಟನ್ ಕಬ್ಬೇ ಹೊರಬೇಕು. ಲಾರಿಯ ಮೈಲೇಜಿಗಿಂತ ಮುಖ್ಯ ಅದಕ್ಕೆ ಮರುಬಾಡಿಗೆ ಸಿಕ್ಕಿತೇ ಎಂಬುದು. ಬಂಡೀಪುರ ಅರಣ್ಯದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಗುಂಡ್ಲುಪೇಟೆಯ ಮೂಲಕ ಕೇರಳಕ್ಕೆ ತರಕಾರಿ ಒಯ್ಯುವವರು ಹೊರಡುವ ಹೊತ್ತು ತಪ್ಪಿದರೆ ಕಾಯಬೇಕು, ಇಲ್ಲವೇ ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಸುತ್ತಿ ಹೋಗಬೇಕು. ಅಲ್ಲಿ ಚಾಲಕನ ಜಾಣತನಕ್ಕಿಂತ ಗಡಿಯಾರವೇ ಡೀಸೆಲ್ ಉಳಿಸುತ್ತದೆ.

ಇನ್ನೊಂದು ಭ್ರಮೆಯನ್ನು ಹೇಳಬೇಕು. ಕಾರಿನ ಓಟ 12ರಿಂದ 15ಕ್ಕೆ ಏರಿದರೆ ಮನೆಮಂದಿ ಹಿಗ್ಗುತ್ತಾರೆ; ಲಾರಿಯದು 4ರಿಂದ 5ಕ್ಕೆ ಏರಿದರೆ ‘ಒಂದೇ ಕಿಲೋಮೀಟರ್’ ಎನ್ನುತ್ತಾರೆ. 100 ಕಿಲೋಮೀಟರಿಗೆ ಕಾರಿನಲ್ಲಿ ಉಳಿಯುವುದು ಒಂದೂ ಮುಕ್ಕಾಲು ಲೀಟರಿಗೂ ಕಡಿಮೆ, ಲಾರಿಯಲ್ಲಿ ಪೂರ್ತಿ 5 ಲೀಟರ್. ಇದೇ ರೀತಿ ಜಾತ್ರೆಗೆ ಏಳು ಆಸನದ ವಾಹನದಲ್ಲಿ ಇಬ್ಬರೇ ಬರುವುದಕ್ಕೂ ನೆರೆಮನೆಯವರನ್ನು ಕೂರಿಸಿಕೊಂಡು ಏಳು ಜನ ಬರುವುದಕ್ಕೂ ತಲೆಗೆ ಬೀಳುವ ಡೀಸೆಲಿನಲ್ಲಿ ಅಜಗಜಾಂತರವಿದೆ. ಆಯ್ದಕ್ಕಿ ಮಾರಯ್ಯ ಶರಣರು ಎಂದಿಗಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಲಕ್ಕಮ್ಮ ತಾಯಿ ಮರಳಿ ಸುರಿದು ಬರಲು ಹೇಳಿದ ಕಥೆಯನ್ನು ಕೇಳಿ ಬೆಳೆದವರಿಗೆ ಖಾಲಿ ಆಸನದ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಕಡೆಯದಾಗಿ, ಕೊಳ್ಳುವವರ ಪ್ರಶ್ನೆ: ಡೀಸೆಲ್ಲೋ ಪೆಟ್ರೋಲೋ? ಲೆಕ್ಕಕ್ಕಾಗಿ ಪೆಟ್ರೋಲ್ 103 ರೂಪಾಯಿ, ಓಟ 10. ಡೀಸೆಲ್ 91 ರೂಪಾಯಿ, ಓಟ 13 ಎಂದುಕೊಳ್ಳೋಣ. ಕಿಲೋಮೀಟರಿಗೆ ಪೆಟ್ರೋಲಿನಲ್ಲಿ 10 ರೂಪಾಯಿ 30 ಪೈಸೆ, ಡೀಸೆಲಿನಲ್ಲಿ 7 ರೂಪಾಯಿ. ಉಳಿತಾಯ 3 ರೂಪಾಯಿ 30 ಪೈಸೆ. ಡೀಸೆಲ್ ವಾಹನಕ್ಕೆ ಒಂದೂವರೆ ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ಹಿಂದಿರುಗಲು ಸುಮಾರು 45,000 ಕಿಲೋಮೀಟರ್ ಓಡಬೇಕು. ವರ್ಷಕ್ಕೆ 6,000 ಕಿಲೋಮೀಟರ್ ಓಡುವ ಮನೆಗೆ ಅದು ಏಳೂವರೆ ವರ್ಷ. ಬಾಡಿಗೆಗೆ ಓಡಿಸಿ ವರ್ಷಕ್ಕೆ 40,000 ದಾಟಿಸುವವರಿಗೆ ಹದಿಮೂರು ಹದಿನಾಲ್ಕು ತಿಂಗಳು. ಹೆಚ್ಚಿಗೆ ತೆತ್ತ ಆ ಹಣಕ್ಕೆ ಬ್ಯಾಂಕು ಹಾಕುವ ಬಡ್ಡಿಯನ್ನು ಇಲ್ಲಿ ಸೇರಿಸಿಲ್ಲ. ಸೇರಿಸಿದರೆ ಮೊದಲನೆಯವರ ಅವಧಿ ಇನ್ನೂ ದೂರ ಸರಿಯುತ್ತದೆ.