ಆಪ್ತಸಮಾಲೋಚಕರಲ್ಲಿಗೆ ಮೊದಲ ಭೇಟಿ: ತಿಳಿದಿರಬೇಕಾದ ಸಂಗತಿಗಳು

ಮೂರು ವಾರದಿಂದ ಸರಿಯಾದ ನಿದ್ದೆಯಿಲ್ಲ. ಕೆಲಸಕ್ಕೆ ಹೋಗಲು ಮನಸ್ಸಿಲ್ಲ. ಮಕ್ಕಳು ಹತ್ತಿರ ಬಂದರೂ ರೇಗುತ್ತದೆ. ಇಂಥ ಸ್ಥಿತಿಯಲ್ಲಿರುವವರಿಗೆ ಹಿತೈಷಿಗಳು "ಒಬ್ಬ ಒಳ್ಳೆಯ ಕೌನ್ಸೆಲರ್ ಹತ್ತಿರ ಹೋಗಿ ಬನ್ನಿ" ಎನ್ನುತ್ತಾರೆ. ಸಲಹೆ ಒಳ್ಳೆಯದೇ. ಆದರೆ ಅಲ್ಲಿ ಏನು ನಡೆಯುತ್ತದೆ, ಹೇಳಿದ್ದು ಗುಟ್ಟಾಗಿ ಉಳಿಯುತ್ತದೆಯೇ, ಖರ್ಚು ಎಷ್ಟಾಗುತ್ತದೆ ಎಂಬುದನ್ನು ಯಾರೂ ತಿಳಿಸುವುದಿಲ್ಲ. ಹೀಗಾಗಿ ಕೆಲವರು ಹೋಗುವುದೇ ಇಲ್ಲ. ಇನ್ನು ಕೆಲವರು ಒಮ್ಮೆ ಹೋಗಿ, "ಮಾತ್ರೆಯನ್ನೂ ಕೊಡಲಿಲ್ಲ, ಪರಿಹಾರವನ್ನೂ ಹೇಳಲಿಲ್ಲ, ಬರೀ ಪ್ರಶ್ನೆ ಕೇಳಿದರು" ಎಂದು ಬಿಟ್ಟುಬಿಡುತ್ತಾರೆ. ನಿಜವಾದ ನಷ್ಟ ಆಗುವುದು ಇಲ್ಲೇ.

ಓದು, ನೌಕರಿಗಾಗಿ ಘಟ್ಟ ಹತ್ತಿದ ನಮ್ಮವರು ರಾಜ್ಯದ ಎಲ್ಲೆಡೆ ಇದ್ದಾರೆ. ತುಮಕೂರಿನ ಕಾಲೇಜುಗಳು, ವಸಂತನರಸಾಪುರದ ಕೈಗಾರಿಕಾ ಪ್ರದೇಶ, ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಹೊರಗಿನವರನ್ನು ಸೆಳೆಯುತ್ತವೆ. ಮನೆಯವರಿಂದ ದೂರವಿರುವವರು ನೋವನ್ನು ಒಬ್ಬರೇ ನುಂಗುವುದು ಹೆಚ್ಚು. ಆದ್ದರಿಂದ ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್‌ನಲ್ಲಿರುವವರನ್ನು ಗಮನದಲ್ಲಿಟ್ಟುಕೊಂಡು ಕೆಲವು ಮಾಹಿತಿಯನ್ನು ಇಲ್ಲಿ ಕೊಡಲಾಗಿದೆ. ಬೇರೆ ಊರಿನವರಿಗೂ ಇದು ಉಪಯೋಗವಾದೀತು.

ಯಾರ ಬಳಿ ಹೋಗಬೇಕು?

ಫಲಕದ ಮೇಲಿನ ಹೆಸರುಗಳು ಗೊಂದಲ ಹುಟ್ಟಿಸುತ್ತವೆ. ಮುಖ್ಯವಾಗಿ ಮೂರು ಬಗೆಯವರಿದ್ದಾರೆ.

1. ಮನೋವೈದ್ಯರು: ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಉನ್ನತ ಶಿಕ್ಷಣ ಪಡೆದ ವೈದ್ಯರು. ಔಷಧಿ ಬರೆದುಕೊಡುವ ಅಧಿಕಾರ ಇವರಿಗಿದೆ.

2. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು: ಮಾತಿನ ಮೂಲಕ ಚಿಕಿತ್ಸೆ ನೀಡುವುದರಲ್ಲಿ ಹಾಗೂ ಮಾನಸಿಕ ಪರೀಕ್ಷೆಗಳಲ್ಲಿ ತರಬೇತಾದವರು. ಇವರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ (ಆರ್‌ಸಿಐ) ನೋಂದಾಯಿತರಾಗಿರಬೇಕು. ನೋಂದಣಿ ಸಂಖ್ಯೆ ಕೇಳುವುದು ಅಗೌರವವಲ್ಲ.

3. ಆಪ್ತಸಮಾಲೋಚಕರು: ಮನಶ್ಶಾಸ್ತ್ರ ಅಥವಾ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದವರೂ ಇದ್ದಾರೆ, ಕೆಲವೇ ವಾರಗಳ ಶಿಬಿರ ಮುಗಿಸಿ ಫಲಕ ಹಾಕಿದವರೂ ಇದ್ದಾರೆ. ಆದ್ದರಿಂದ ಎಲ್ಲಿ ಓದಿದರು, ಎಷ್ಟು ವರ್ಷದ ಅನುಭವ, ಯಾರ ಮಾರ್ಗದರ್ಶನದಲ್ಲಿ ಕೆಲಸ ಮಾಡುತ್ತಾರೆ ಎಂದು ಫೋನಿನಲ್ಲೇ ಕೇಳಿ.

ಸಾಯುವ ಮಾತು ಆಡುವವರು, ಇಲ್ಲದ ಧ್ವನಿ ಕೇಳಿಸುತ್ತದೆ ಎನ್ನುವವರು, ದಿನಗಟ್ಟಲೆ ಊಟ ಬಿಟ್ಟವರು, ಕುಡಿತ ನಿಲ್ಲಿಸಿದ ಕೂಡಲೇ ಮೈ ನಡುಗುವವರು, ಇವರನ್ನು ನೇರವಾಗಿ ವೈದ್ಯರ ಬಳಿಗೆ ಕರೆದೊಯ್ಯಬೇಕು. ಸಮಾಲೋಚನೆ ಆಮೇಲೆ.

ಮೊದಲ ದಿನ ಏನಾಗುತ್ತದೆ?

ಭೇಟಿ ಸಾಮಾನ್ಯವಾಗಿ 45ರಿಂದ 60 ನಿಮಿಷ ಇರುತ್ತದೆ. ಮಂಚ, ಚುಚ್ಚುಮದ್ದು ಯಾವುದೂ ಇಲ್ಲ. ಎರಡು ಕುರ್ಚಿ, ಮುಚ್ಚಿದ ಬಾಗಿಲು. ತೊಂದರೆ ಯಾವಾಗ ಆರಂಭವಾಯಿತು, ನಿದ್ದೆ ಮತ್ತು ಹಸಿವು ಹೇಗಿದೆ, ಮನೆಯಲ್ಲಿ ಯಾರಿದ್ದಾರೆ, ಹಿಂದೆ ಕಾಯಿಲೆ ಇತ್ತೇ, ಮದ್ಯಪಾನ ಇದೆಯೇ ಎಂದು ಕೇಳುತ್ತಾರೆ. "ಜೀವ ಕಳೆದುಕೊಳ್ಳಬೇಕು ಎನಿಸಿದ್ದುಂಟೇ?" ಎಂದೂ ಕೇಳಬಹುದು. ಗಾಬರಿಯಾಗಬೇಡಿ. ಇದು ಎಲ್ಲರಿಗೂ ಕೇಳುವ ಪ್ರಶ್ನೆ. ಇದ್ದದ್ದನ್ನು ಇದ್ದಂತೆ ಹೇಳಿದರೆ ಸಾಕು.

ಎಲ್ಲವನ್ನೂ ಮೊದಲ ದಿನವೇ ಹೇಳಬೇಕೆಂದಿಲ್ಲ. "ಈ ವಿಷಯ ಇವತ್ತು ಬೇಡ" ಎನ್ನುವ ಹಕ್ಕು ನಿಮಗಿದೆ. ಅಳು ಬಂದರೆ ಅತ್ತುಬಿಡಿ. ಹೋಗುವಾಗ ಹಳೆಯ ಔಷಧ ಚೀಟಿಗಳನ್ನು ಒಯ್ಯಿರಿ. ಥೈರಾಯ್ಡ್ ತೊಂದರೆ, ರಕ್ತಹೀನತೆಯಿಂದಲೂ ಮನಸ್ಸು ಕುಗ್ಗುತ್ತದೆ. ಆದುದರಿಂದ ರಕ್ತಪರೀಕ್ಷೆಗೆ ವೈದ್ಯರನ್ನು ಕಾಣಲು ಹೇಳಿದರೆ ಅದು ನಿಮ್ಮನ್ನು ಸಾಗಹಾಕಿದಂತಲ್ಲ.

ಮೊದಲ ಭೇಟಿಯ ಬಳಿಕ ಮನಸ್ಸು ಇನ್ನಷ್ಟು ಭಾರವಾಗುವುದೂ ಉಂಟು. ವರ್ಷಗಳಿಂದ ಮುಚ್ಚಿಟ್ಟದ್ದನ್ನು ತೆರೆದಾಗ ಹೀಗಾಗುತ್ತದೆ. ಅದೇ ಕಾರಣಕ್ಕೆ ಎರಡನೆಯ ಭೇಟಿಯನ್ನು ತಪ್ಪಿಸಬೇಡಿ.

ಎಷ್ಟು ಸಲ? ಎಷ್ಟು ಹಣ?

ಆರಂಭದಲ್ಲಿ ವಾರಕ್ಕೊಮ್ಮೆ, ನಂತರ ಹದಿನೈದು ದಿನಕ್ಕೊಮ್ಮೆ ಹೋಗುವುದು ರೂಢಿ. ಆತಂಕ, ಖಿನ್ನತೆಗೆ ಹೆಚ್ಚು ಬಳಕೆಯಲ್ಲಿರುವ ಸಿಬಿಟಿ ಎಂಬ ಪದ್ಧತಿಯಲ್ಲಿ ಸಾಮಾನ್ಯವಾಗಿ 6ರಿಂದ 20 ಭೇಟಿಗಳಾಗುತ್ತವೆ. ಇದರಲ್ಲಿ ಮನೆಗೆಲಸವೂ ಇದೆ: ಮನಸ್ಸು ಕೆಟ್ಟ ಹೊತ್ತಿನಲ್ಲಿ ಬಂದ ಯೋಚನೆಯನ್ನು ಬರೆದಿಡುವುದು, ಹೆದರಿ ಬಿಟ್ಟ ಕೆಲಸವನ್ನು ಸ್ವಲ್ಪಸ್ವಲ್ಪವೇ ಮತ್ತೆ ಮಾಡುವುದು ಇತ್ಯಾದಿ. ಮೂರು ನಾಲ್ಕು ಭೇಟಿಗಳ ನಂತರವೂ ಯಾವ ಗುರಿಗಾಗಿ ಕೆಲಸ ನಡೆಯುತ್ತಿದೆ ಎಂಬುದು ಗೊತ್ತಾಗದಿದ್ದರೆ ನೇರವಾಗಿ ಕೇಳಿ. ಹೊಂದಿಕೆಯಾಗದಿದ್ದರೆ ಬೇರೊಬ್ಬರನ್ನು ಕಾಣಬಹುದು.

ಖಾಸಗಿ ಸಮಾಲೋಚಕರ ಶುಲ್ಕಕ್ಕೆ ಒಂದೇ ದರವಿಲ್ಲ. ಒಂದು ಭೇಟಿಗೆ ಎಷ್ಟು, ಬರಲಾಗದಿದ್ದರೆ ಎಷ್ಟು ಮುಂಚೆ ತಿಳಿಸಬೇಕು, ರಶೀದಿ ಕೊಡುತ್ತಾರೆಯೇ, ಬಡವರಿಗೆ ರಿಯಾಯಿತಿ ಇದೆಯೇ ಎಂದು ಮೊದಲೇ ವಿಚಾರಿಸಿ. ಹತ್ತು ಭೇಟಿಯ ಹಣವನ್ನು ಒಟ್ಟಿಗೆ ಕೇಳುವವರ, "ಖಂಡಿತ ಗುಣಪಡಿಸುತ್ತೇನೆ" ಎನ್ನುವವರ, ವೈದ್ಯರು ಕೊಟ್ಟ ಮಾತ್ರೆ ಬಿಟ್ಟುಬಿಡಿ ಎನ್ನುವವರ ಬಗ್ಗೆ ಎಚ್ಚರವಿರಲಿ.

ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿ.ಮೀ., ರೈಲೂ ಇದೆ. ಕುಣಿಗಲ್‌ನವರಿಗೆ ದಾರಿ ಇನ್ನೂ ದೂರ. ವಾರವಾರ ರಜೆ ಹಾಕಿ ಬರುವುದು ದಿನಗೂಲಿಯವರಿಗೆ ಕಷ್ಟ. ಮೊದಲ ಒಂದೆರಡು ಭೇಟಿ ಎದುರಿನಲ್ಲಿ, ಮುಂದಿನದು ವಿಡಿಯೋ ಕರೆಯಲ್ಲಿ ಸಾಧ್ಯವೇ ಎಂದು ಕೇಳಬಹುದು. ಆದರೆ ಆ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಯಾರೂ ಕೇಳಿಸಿಕೊಳ್ಳದಂತೆ ನೋಡಿಕೊಳ್ಳಬೇಕು.

ಹೇಳಿದ್ದು ಗುಟ್ಟಾಗಿ ಉಳಿಯುತ್ತದೆಯೇ?

ಸಣ್ಣ ಊರಿನಲ್ಲಿ ಎಲ್ಲರಿಗೂ ಇರುವ ದೊಡ್ಡ ಭಯ ಇದೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಮಾಹಿತಿಯನ್ನು ಗುಟ್ಟಾಗಿ ಇಡುವ ಹಕ್ಕನ್ನು ಕೊಟ್ಟಿದೆ. ಒಳ್ಳೆಯ ಸಮಾಲೋಚಕರು ಪೇಟೆಯಲ್ಲಿ ಎದುರಾದರೂ ತಾವಾಗಿ ಮಾತನಾಡಿಸುವುದಿಲ್ಲ. ನೀವು ನಕ್ಕರೆ ಮಾತ್ರ ನಗುತ್ತಾರೆ. ನೆಂಟರನ್ನು, ಸ್ನೇಹಿತರನ್ನು ಚಿಕಿತ್ಸೆಗೆ ತೆಗೆದುಕೊಳ್ಳುವುದಿಲ್ಲ.

ಆದರೆ ಒಂದು ವ್ಯತ್ಯಾಸ ತಿಳಿದಿರಬೇಕು. ಪಾಪನಿವೇದನೆಯ ಗುಟ್ಟಿಗೆ ಯಾವ ವಿನಾಯಿತಿಯೂ ಇಲ್ಲ. ಸಮಾಲೋಚನೆಯ ಗುಟ್ಟಿಗೆ ಮಿತಿ ಇದೆ. ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ ಕಂಡಾಗ, ನ್ಯಾಯಾಲಯ ಆದೇಶಿಸಿದಾಗ ಅವರು ಮಾಹಿತಿ ಕೊಡಬಹುದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು. ಈ ಮಿತಿಗಳನ್ನು ಮೊದಲ ದಿನವೇ ವಿವರಿಸುವುದು ಅವರ ಕರ್ತವ್ಯ; ವಿವರಿಸದಿದ್ದರೆ ಕೇಳಿ.

ಹಣವಿಲ್ಲದಿದ್ದರೆ?

ದಾರಿ ಮುಚ್ಚಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ಸೇವೆ ಇದೆ. ಗುಬ್ಬಿ, ಕುಣಿಗಲ್‌ನವರು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ವಿಚಾರಿಸಲಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಪ್ರಾಣಾಪಾಯವಿದ್ದರೆ 112ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಧಾವಿಸಿ.

ಧರ್ಮಕೇಂದ್ರದ ಕಾರ್ಯಕರ್ತರಿಗೆ

ನೊಂದವರು ಹಲವು ಬಾರಿ ಮೊದಲು ಬಾಗಿಲು ತಟ್ಟುವುದು ಗುರುಗಳದ್ದು, ಧರ್ಮಭಗಿನಿಯರದ್ದು ಅಥವಾ ವಾಳೆಯ ಗುರಿಕಾರರದ್ದು. ಅವರ ಮಾತು ಕೇಳಿ, ಪ್ರಾರ್ಥಿಸಿ. ಆದರೆ "ಪ್ರಾರ್ಥನೆ ಸಾಕು, ಡಾಕ್ಟರ್ ಬೇಡ" ಎನ್ನಬೇಡಿ. ಜೊತೆಗೆ ಹೋಗುವುದಾದರೆ ಬಾಗಿಲವರೆಗೆ ಹೋಗಿ. ಒಳಗೆ ಏನು ಮಾತಾಯಿತು ಎಂದು ಅವರನ್ನೂ ಕೇಳಬೇಡಿ, ಸಮಾಲೋಚಕರನ್ನೂ ಕೇಳಬೇಡಿ. ಶುಲ್ಕಕ್ಕೆ ನೆರವಾದರೆ ಅದು ಸಭೆಯ ವರದಿಯಲ್ಲಿ ಹೆಸರಿನೊಂದಿಗೆ ಬರದಿರಲಿ. ಒಂದು ತಿಂಗಳ ನಂತರ, "ಹೋಗುತ್ತಾ ಇದ್ದೀರಲ್ಲಾ?" ಎಂದು ಮೆಲ್ಲನೆ ವಿಚಾರಿಸಿದರೆ ಸಾಕು. ಎರಡನೆಯ ಭೇಟಿಗೆ ಹೊರಡಲು ಹಿಂಜರಿಯುತ್ತಿರುವವರಿಗೆ ಅಷ್ಟು ಮಾತೇ ದೊಡ್ಡ ಬೆಂಬಲ.