ತೆಳು ಪದರದಲ್ಲಿ ಸೆರೆಯಾದ ಎಲೆಕ್ಟ್ರಾನ್‌ಗಳ ಬೆಳಕು

ಪ್ರಶ್ನೆ: ಅರೆವಾಹಕದೊಳಗೆ ಎರಡೇ ಆಯಾಮಗಳಲ್ಲಿ ಚಲಿಸುವ ಎಲೆಕ್ಟ್ರಾನ್‌ಗಳು ಬೆಳಕನ್ನು ಹೇಗೆ ಸೂಸುತ್ತವೆ? ಆ ಬೆಳಕಿನಿಂದ ಏನು ತಿಳಿಯುತ್ತದೆ?

ಕೇವಲ 10–20 ನ್ಯಾನೊಮೀಟರ್ ದಪ್ಪದ ಗ್ಯಾಲಿಯಂ ಆರ್ಸೆನೈಡ್ ಪದರವನ್ನು, ಅದಕ್ಕೆ ಅಲ್ಯೂಮಿನಿಯಂ ಬೆರೆಸಿದ ಎರಡು ಪದರಗಳ ನಡುವೆ ಬೆಳೆಸಿದಾಗ, ನಡುವಿನ ಪದರದ ಶಕ್ತಿಮಟ್ಟ ಕೆಳಗಿರುವುದರಿಂದ ಎಲೆಕ್ಟ್ರಾನ್‌ಗಳು ಅಲ್ಲಿಯೇ ಸೆರೆಯಾಗಿ, ಮೇಲೆ ಕೆಳಗೆ ಸರಿಯಲಾರದೆ ಅದರ ಉದ್ದಗಲಗಳಲ್ಲಿ ಮಾತ್ರ ಓಡಾಡುತ್ತವೆ. ಎಲೆಕ್ಟ್ರಾನ್ ಒದಗಿಸುವ ಸಿಲಿಕಾನ್ ಬೆರಕೆಯನ್ನು ಆ ಪದರಕ್ಕೆ ಹಾಕದೆ ಪಕ್ಕದ ಪದರಕ್ಕೆ ಹಾಕುವುದು 1978ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ತೋರಿಸಿಕೊಟ್ಟ ಜಾಣ್ಮೆ: ಮೆಟ್ಟಿಲು ಗದ್ದೆಗಳಲ್ಲಿ ಕಲ್ಲುಗಳು ಮೇಲಿನ ಗದ್ದೆಯಲ್ಲಿಯೇ ಉಳಿದು ನೀರು ಮಾತ್ರ ಕೆಳಗಿನದಕ್ಕೆ ಇಳಿದು ನಿಲ್ಲುವಂತೆ, ಸಿಲಿಕಾನ್ ಪರಮಾಣುಗಳು ದೂರವುಳಿದು, ಎಲೆಕ್ಟ್ರಾನ್‌ಗಳು ಅಡೆತಡೆ ಕಡಿಮೆಯಿರುವ ಪದರದಲ್ಲಿ ಶೇಖರವಾಗುತ್ತವೆ.

ಇದರ ಮೇಲೆ ಲೇಸರ್ ಹಾಯಿಸಿದಾಗ ಕೆಲವು ಎಲೆಕ್ಟ್ರಾನ್‌ಗಳು ಕೆಳಗಿನ ಶಕ್ತಿಪಟ್ಟಿಯಿಂದ ಮೇಲೇರಿ, ತಾವಿದ್ದಲ್ಲಿ ಖಾಲಿ ಸ್ಥಾನಗಳನ್ನು, ಅಂದರೆ ರಂಧ್ರಗಳನ್ನು ಬಿಡುತ್ತವೆ; ಮೊದಲೇ ನೆರೆದಿದ್ದ ಎಲೆಕ್ಟ್ರಾನ್‌ಗಳಲ್ಲೊಂದು ಅಂಥ ರಂಧ್ರಕ್ಕೆ ಇಳಿದಾಗ ಅದು ಕಳೆದುಕೊಂಡ ಶಕ್ತಿಯೇ ಸುಮಾರು 800 ನ್ಯಾನೊಮೀಟರ್ ತರಂಗಾಂತರದ ಅವಕೆಂಪು ಬೆಳಕಾಗಿ ಹೊರಬರುತ್ತದೆ.

ನಿಜವಾದ ಸ್ವಾರಸ್ಯವಿರುವುದು ಈ ಬೆಳಕಿನ ಹರವಿನಲ್ಲಿ. ಒಂದು ಸ್ಥಿತಿಯಲ್ಲಿ ಒಂದೇ ಎಲೆಕ್ಟ್ರಾನ್ ಇರಬಹುದೆಂಬ ಪೌಲಿ ನಿಯಮದಿಂದಾಗಿ ಅವು ತಳದಿಂದ ತುಂಬುತ್ತ ಫರ್ಮಿ ಮಟ್ಟವೆಂಬ ಗಡಿಯವರೆಗೆ ಏರಿರುತ್ತವೆ. ತಳದಿಂದ ಇಳಿದವು ಕಡಿಮೆ ಶಕ್ತಿಯ ಬೆಳಕನ್ನೂ ಗಡಿಯಿಂದ ಇಳಿದವು ಹೆಚ್ಚು ಶಕ್ತಿಯ ಬೆಳಕನ್ನೂ ಸೂಸುವುದರಿಂದ ರೋಹಿತದ ಗೆರೆ ಅಗಲವಾಗುತ್ತದೆ, ಮತ್ತು ಆ ಅಗಲವನ್ನು ಅಳೆದರೆ ಒಂದು ತಂತಿಯನ್ನೂ ಜೋಡಿಸದೆ ಪದರದಲ್ಲಿರುವ ಎಲೆಕ್ಟ್ರಾನ್‌ಗಳ ಸಾಂದ್ರತೆಯನ್ನು ಅಂದಾಜಿಸಬಹುದು. ಉಷ್ಣದ ಕಲಕಾಟ ಈ ಗಡಿಯನ್ನು ಮಸುಕಾಗಿಸುವುದರಿಂದ ಇಂಥ ಪ್ರಯೋಗಗಳನ್ನು ಸಾಮಾನ್ಯವಾಗಿ ದ್ರವ ಹೀಲಿಯಂನ ಶೈತ್ಯದಲ್ಲಿ ನಡೆಸಲಾಗುತ್ತದೆ.