ಎಳೆಯ ಕುಂಬಳದ ಬಳ್ಳಿಗಳ ಪೋಷಣೆ ಮತ್ತು ರಕ್ಷಣೆ

ಬಳ್ಳಾರಿ ನಗರದ ಕೌಲ್ ಬಜಾರಿನಲ್ಲಿಯೂ, ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳ ಗ್ರಾಮಗಳಲ್ಲಿಯೂ ಹಿತ್ತಿಲಿನಲ್ಲಿ ಕುಂಬಳದ ಬಳ್ಳಿಯನ್ನು ಹಬ್ಬಿಸುವುದು ಹಳೆಯ ವಾಡಿಕೆ. ಬೀಜವನ್ನು ಊರಿ, ಮೊಳೆತ ಮೇಲೆ ನೀರು ಹನಿಸಿ, ಉಳಿದುದನ್ನು ದೈವಕ್ಕೆ ಬಿಟ್ಟುಬಿಡುವುದೂ ಅಷ್ಟೇ ಹಳೆಯ ವಾಡಿಕೆ. ಬಳ್ಳಿ ಸೊರಗಿದರೆ ಬೀಜವನ್ನೋ ನೆಲವನ್ನೋ ದೂರುವುದುಂಟು. ಆದರೆ ಮೊಳಕೆಯೊಡೆದ ದಿನದಿಂದ ಮೊದಲಿನ ನಲವತ್ತು ದಿನಗಳಲ್ಲಿ ನಡೆದ ಆರೈಕೆಯೇ ಮುಂದಿನ ಫಲವನ್ನು ಬಹುಮಟ್ಟಿಗೆ ನಿರ್ಣಯಿಸುತ್ತದೆ. ಗ್ರಾಮದ ಮುಖಂಡರೂ ಜಮೀನುದಾರರೂ ಈ ವಿಷಯವನ್ನು ತಾವು ಅರಿತು, ತಮ್ಮ ಆಳುಗಳಿಗೂ ನೆರೆಯ ಸಣ್ಣ ರೈತರಿಗೂ ತಿಳಿಯಹೇಳುವುದು ಯುಕ್ತವಾಗಿದೆ.

ದೊಡ್ಡ ಕಾಯಿಯ ಜಾತಿಗಳು

ಪರದೇಶಗಳಲ್ಲಿ ಹೆಗ್ಗುಂಬಳಗಳನ್ನು ಸ್ಪರ್ಧೆಗಾಗಿಯೇ ಬೆಳೆಯುತ್ತಾರೆ. 2023 ರಲ್ಲಿ ಅಮೇರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಹಾಫ್ ಮೂನ್ ಬೇ ಎಂಬ ಊರಿನಲ್ಲಿ ತೂಗಿದ ಒಂದು ಕಾಯಿ 2,749 ಪೌಂಡು, ಅಂದರೆ ಸುಮಾರು 1,247 ಕಿಲೋಗ್ರಾಂ ಇದ್ದಿತು. ಇಂತಹ ಕಾಯಿಗಳ ಬೀಜವು ಕೆನಡಾ ದೇಶದ ಹೋವರ್ಡ್ ಡಿಲ್ ಎಂಬ ಕೃಷಿಕನು ಅಭಿವೃದ್ಧಿಪಡಿಸಿದ ‘ಅಟ್ಲಾಂಟಿಕ್ ಜಯಂಟ್’ ತಳಿಯ ವಂಶದ್ದು. ಚಿತ್ರವನ್ನು ನೋಡಿ ಮರುಳಾಗಿ ಅಂಚೆಯ ಮೂಲಕ ದುಬಾರಿ ಬೀಜವನ್ನು ತರಿಸುವವರು ಒಂದು ಮಾತನ್ನು ನೆನಪಿಡಬೇಕು. ಆ ಜಾತಿಗೆ ತಂಪು ರಾತ್ರಿಗಳು ಬೇಕು. ಬಳ್ಳಾರಿಯ ಬೇಸಗೆಯಲ್ಲಿ ಶಾಖವು 40 ಡಿಗ್ರಿಯನ್ನು ಮೀರುವಾಗ ಹೆಣ್ಣು ಹೂಗಳು ನಿಲ್ಲದೆ ಉದುರುತ್ತವೆ. ಅಲ್ಲದೆ ಪ್ರದರ್ಶನದ ದೊಡ್ಡ ಕಾಯಿಯ ತಿರುಳು ನೀರುನೀರಾಗಿ, ಅಡಿಗೆಗೆ ರುಚಿಸುವುದಿಲ್ಲ.

ಅಡಿಗೆಗೂ ಮಾರಾಟಕ್ಕೂ ನಮ್ಮ ದೇಶದ ತಳಿಗಳೇ ಮೇಲು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಚಂದನ’ದ ಕಾಯಿ ಎರಡು ಮೂರು ಕಿಲೋಗ್ರಾಂ ತೂಗುತ್ತದೆ. ಅದೇ ಸಂಸ್ಥೆಯ ‘ಅರ್ಕಾ ಸೂರ್ಯಮುಖಿ’ಯ ಕಾಯಿ ಚಿಕ್ಕದಾದರೂ ಹಣ್ಣುನೊಣದ ಬಾಧೆಯನ್ನು ತಡೆಯುವ ಗುಣವುಳ್ಳದ್ದು. ಕೊಯಮತ್ತೂರಿನ ‘ಕೋ 1’ ತಳಿಯ ಕಾಯಿ ಏಳೆಂಟು ಕಿಲೋಗ್ರಾಂ ತೂಗುವುದುಂಟು. ಯಾವ ತಳಿಯಾದರೂ ಆರೈಕೆಯ ಕ್ರಮವು ಒಂದೇ.

ಗುಣಿ ಮತ್ತು ಬಿತ್ತನೆ

ಬಿಸಿಲಿನ ತಾಪವಿಳಿದು ಮಳೆ ಕೂಡಿಬರುವ ಕಾಲವೇ ಬಿತ್ತನೆಗೆ ಸರಿಯಾದ ಕಾಲ. ಜೂನ್ ಜುಲೈಯಲ್ಲಿ ಬಿತ್ತಿದರೆ ದಸರೆಯ ಸುಮಾರಿಗೆ ಕಾಯಿ ಬಲಿಯುತ್ತದೆ. ದೊಡ್ಡ ಕಾಯಿಯ ಅಪೇಕ್ಷೆಯುಳ್ಳವರು ಆಗಸ್ಟ್ ಕೊನೆಯಲ್ಲಿ ಅಥವಾ ಸೆಪ್ಟೆಂಬರಿನಲ್ಲಿ ಬಿತ್ತಿ, ಚಳಿಗಾಲದಲ್ಲಿ ಕಾಯಿ ಬೆಳೆಯುವಂತೆ ಮಾಡಿಕೊಳ್ಳಬೇಕು.

ಎರೆಭೂಮಿಯು ತೇವವನ್ನು ಹಿಡಿದಿಡುತ್ತದೆಯಾದರೂ ನೀರು ನಿಂತರೆ ಬೇರು ಕೊಳೆಯುತ್ತದೆ. ಆದುದರಿಂದ ಅಲ್ಲಿ ನೆಲಮಟ್ಟಕ್ಕಿಂತ ಅರ್ಧ ಅಡಿ ಎತ್ತರವಾದ ದಿಬ್ಬವನ್ನು ಮಾಡಿ ಬಿತ್ತತಕ್ಕದ್ದು. ಮಸಾರಿ ನೆಲದಲ್ಲಿ ಪಾತಿಯೇ ಸಾಕು. ಗುಣಿಯು ಒಂದೂವರೆ ಅಡಿ ಉದ್ದ, ಅಗಲ, ಆಳವುಳ್ಳದ್ದಾಗಿ, ಗುಣಿಯಿಂದ ಗುಣಿಗೆ ಆರೇಳು ಅಡಿ ಅಂತರವಿರಲಿ. ಹೆಗ್ಗುಂಬಳಕ್ಕೆ ಇದರ ಎರಡು ಮೂರು ಪಟ್ಟು ಜಾಗ ಬೇಕು. ಗುಣಿಗೆ ಹತ್ತು ಕಿಲೋಗ್ರಾಂ ಕಳಿತ ತಿಪ್ಪೆಗೊಬ್ಬರವನ್ನು ಮಣ್ಣಿನೊಡನೆ ಬೆರೆಸಿ ತುಂಬಬೇಕು. ಹಸಿಯ ಸಗಣಿಯು ಎಳೆಯ ಬೇರನ್ನು ಸುಟ್ಟು, ಗೆದ್ದಲನ್ನು ಕರೆಯುತ್ತದೆ. ಗುಣಿಯೊಂದಕ್ಕೆ ಐದು ಬೀಜಗಳನ್ನೂರಿ, ಹದಿನೈದು ದಿನಗಳ ಮೇಲೆ ಪುಷ್ಟವಾದ ಎರಡನ್ನು ಮಾತ್ರ ಉಳಿಸಿ ಮಿಕ್ಕವನ್ನು ಕತ್ತರಿಸತಕ್ಕದ್ದು. ಕಿತ್ತರೆ ಉಳಿದವುಗಳ ಬೇರು ಕದಲುತ್ತದೆ. ಹೆಗ್ಗುಂಬಳಕ್ಕೆ ಗುಣಿಗೆ ಒಂದೇ ಸಸಿ ಸಾಕು.

ಕೆಂಪು ದುಂಬಿಯ ಕಾಟ

ಎಳೆಯ ಬಳ್ಳಿಯ ಮೊದಲ ಶತ್ರು ಕೆಂಪು ದುಂಬಿ. ಸಸಿಯು ಬೀಜದೆಲೆಯನ್ನು ಬಿಚ್ಚಿದೊಡನೆಯೇ ಇದು ಬಂದೆರಗಿ ಎಲೆಯನ್ನು ಜರಡಿಯಂತೆ ತೂತುಮಾಡುತ್ತದೆ. ಎರಡು ದಿನ ಕಣ್ಣು ತಪ್ಪಿದರೆ ಮಡಿಯೆಲ್ಲವೂ ಬರಿದಾಗುತ್ತದೆ. ಇದರ ಮರಿಹುಳುಗಳು ಮಣ್ಣಿನಲ್ಲಿದ್ದು ಬೇರನ್ನೂ, ನೆಲಕ್ಕೆ ತಗಲಿದ ಕಾಯನ್ನೂ ಕೊರೆಯುತ್ತವೆ. ಬೆಳಗಿನ ಜಾವದ ತಂಪಿನಲ್ಲಿ ದುಂಬಿಗಳು ಜಡವಾಗಿರುವುದರಿಂದ, ಆಗ ಕೈಯಿಂದ ಆರಿಸಿ ಸಾಬೂನು ನೀರಿನಲ್ಲಿ ಹಾಕಿ ಕೊಲ್ಲಬಹುದು. ಇಬ್ಬನಿಯಾರುವ ಮುನ್ನ ಜರಡಿ ಹಿಡಿದ ಒಲೆಬೂದಿಯನ್ನು ಎಲೆಗಳ ಮೇಲೆ ತೆಳ್ಳಗೆ ಎರಚುವ ಹಿರಿಯರ ಪದ್ಧತಿಯೂ ಒಳ್ಳೆಯದೇ. ಬಾಧೆ ಹೆಚ್ಚಿದರೆ ಶೇಕಡಾ 5 ರ ಬೇವಿನ ಬೀಜದ ಕಷಾಯವನ್ನು ಸಂಜೆಯ ಹೊತ್ತು ಸಿಂಪಡಿಸತಕ್ಕದ್ದು. ಎರಡು ಮೂರು ಎಲೆ ಬರುವವರೆಗೆ ಸಸಿಯ ಮೇಲೆ ತೆಳುಬಟ್ಟೆಯ ಗೂಡನ್ನು ಕವಿಚಿಟ್ಟರೆ ಇನ್ನೂ ಕ್ಷೇಮ.

ಹಿಂದೆ ಇಂತಹ ಕೀಟಗಳಿಗೆ ಬಿ.ಎಚ್.ಸಿ. ಪುಡಿಯನ್ನು ಎರಚುತ್ತಿದ್ದರು. ಅದು ಭಾರತದಲ್ಲಿ 1997 ರಲ್ಲಿ ನಿಷೇಧಿಸಲ್ಪಟ್ಟಿತು. ಎಲ್ಲಿಯಾದರೂ ಹಳೆಯ ದಾಸ್ತಾನು ಉಳಿದಿದ್ದರೆ ಅದನ್ನು ಮುಟ್ಟಲಾಗದು. ಬೂದಿರೋಗಕ್ಕೆ ಗಂಧಕದ ಪುಡಿಯನ್ನು ಬಳಸುವವರೂ ಎಚ್ಚರದಿಂದಿರಬೇಕು. ಉರಿಬಿಸಿಲಿನಲ್ಲಿ ಗಂಧಕವು ಕುಂಬಳದ ಜಾತಿಯ ಎಲೆಗಳನ್ನು ಸುಡುತ್ತದೆ.

ಗಾಳಿ ಮತ್ತು ದನಕರುಗಳಿಂದ ರಕ್ಷಣೆ

ಮುಂಗಾರಿನಲ್ಲಿ ಪಡುವಣದ ಒಣಗಾಳಿಯು ಎಳೆಯ ಬಳ್ಳಿಯನ್ನು ಮಗುಚಿ ಬುಡದಲ್ಲಿ ಮುರಿಯುತ್ತದೆ. ಬಿತ್ತನೆಗೆ ಮುಂಚಿತವಾಗಿಯೇ ಪಡುವಣ ದಿಕ್ಕಿಗೆ ಸಜ್ಜೆ, ಜೋಳ ಅಥವಾ ಔಡಲದ ಎರಡು ಮೂರು ಸಾಲುಗಳನ್ನು ಒತ್ತಾಗಿ ಬೆಳೆಸಿದರೆ ಗಾಳಿಯ ರಭಸ ತಗ್ಗುವುದಲ್ಲದೆ ಮೇವೂ ಕಾಳೂ ದೊರೆಯುತ್ತವೆ. ಆಡು, ಹಂದಿಗಳ ಕಾಟಕ್ಕೆ ಮುಳ್ಳಿನ ಬೇಲಿ ಅವಶ್ಯ. ಈ ಜಿಲ್ಲೆಯ ಹೆಸರನ್ನೇ ಹೊತ್ತಿರುವ ಬಳ್ಳಾರಿ ಜಾಲಿಯ ಮುಳ್ಳು ಎಲ್ಲೆಡೆಯೂ ಸಿಕ್ಕುತ್ತದೆ. ಆದರೆ ಕಡಿದ ಒಣಮುಳ್ಳನ್ನೇ ಉಪಯೋಗಿಸತಕ್ಕದ್ದು. ಹಸಿಯ ಗಿಡವನ್ನು ಬೇಲಿಯಾಗಿ ಬೆಳೆಸಿದರೆ ಅದರ ಬೇರು ತೋಟದ ನೀರನ್ನು ಹೀರುತ್ತದೆ.

ಬಳ್ಳಿಯನ್ನು ಹಬ್ಬಿಸುವ ಕ್ರಮ

ಸಸಿಯ ಮೊದಲನೆಯ ನಿಜವಾದ ಎಲೆ ಯಾವ ದಿಕ್ಕಿಗೆ ಮುಖಮಾಡಿದೆಯೋ ಅದಕ್ಕೆ ಎದುರು ದಿಕ್ಕಿಗೆ ಬಳ್ಳಿಯು ವಾಲುವುದು ಸಾಮಾನ್ಯ. ಇದನ್ನು ಮೊದಲೇ ಗುರುತಿಸಿ, ಬಳ್ಳಿಯು ಗಾಳಿಗೆ ಎದುರಾಗದಂತೆ ಮೂಡಣಕ್ಕೆ ಹರಿಯುವ ಹಾಗೆ ಸಸಿಯನ್ನು ನೆಡಬಹುದು. ದಿಕ್ಕು ತಪ್ಪಿದ ಬಳ್ಳಿಯನ್ನು ತಿರುಗಿಸಬೇಕಾದರೆ ಮಧ್ಯಾಹ್ನದ ಮೇಲೆ, ದಂಟು ತುಸು ಬಾಡಿ ಬಾಗುವ ಹೊತ್ತಿನಲ್ಲಿ ತಿರುಗಿಸತಕ್ಕದ್ದು. ಬೆಳಿಗ್ಗೆ ನೀರು ತುಂಬಿದ ದಂಟು ಮುಟ್ಟಿದರೆ ಮುರಿಯುತ್ತದೆ. ದಿನಕ್ಕೆ ಕೆಲವೇ ಅಂಗುಲದಂತೆ ಸರಿಸಿ, ಕವೆಗೋಲನ್ನು ನಾಟಿ ನಿಲ್ಲಿಸಬೇಕು.

ತಾಯಿಬಳ್ಳಿಯನ್ನು ನೇರವಾಗಿ ಹರಿಯಗೊಟ್ಟು, ಅಕ್ಕಪಕ್ಕದ ಕವಲುಗಳನ್ನು ಮೀನಿನ ಮುಳ್ಳಿನಂತೆ ಎರಡು ಕಡೆಗೂ ಚಾಚಿಸಬೇಕು. ಕವಲಿನಿಂದ ಹೊರಟ ಮರುಗವಲುಗಳನ್ನು ಎಳೆಯದರಲ್ಲಿಯೇ ಚಿವುಟಬೇಕು. ಕವಲು ಎಂಟು ಹತ್ತು ಅಡಿಯಾದಾಗ ಅದರ ಕುಡಿಯನ್ನು ಮುರಿಯಬೇಕು. ಗೆಣ್ಣುಗಳ ಮೇಲೆ ಒಂದೊಂದು ಹಿಡಿ ತೇವದ ಮಣ್ಣನ್ನು ಮುಚ್ಚಿದರೆ ಅಲ್ಲಿ ಹೊಸ ಬೇರು ಬಿಟ್ಟು, ಬಳ್ಳಿಯು ನೆಲವನ್ನು ಹಿಡಿದು ಗಾಳಿಗೆ ಅಲುಗದೆ ಹೆಚ್ಚಿನ ಆಹಾರವನ್ನೂ ಎಳೆದುಕೊಳ್ಳುತ್ತದೆ. ಕಾಯಿ ನಿಂತ ಗೆಣ್ಣಿಗೆ ಮಾತ್ರ ಮಣ್ಣು ಹಾಕಲಾಗದು. ಕಾಯಿ ಉಬ್ಬಿದಂತೆ ಬಳ್ಳಿಯು ಮೇಲಕ್ಕೇಳಲು ಎಡೆಯಿಲ್ಲದೆ ತೊಟ್ಟು ಕಳಚೀತು.

ಹೂವು ಮತ್ತು ಹೀಚು

ಕುಂಬಳದ ಹೀಚಿಗೆ ಬೆರಳು ತೋರಿಸಿದರೆ ಅದು ಕೊಳೆಯುವುದೆಂಬ ನಂಬಿಕೆ ನಮ್ಮಲ್ಲುಂಟು. ಹೀಚು ಕೊಳೆಯುವುದಕ್ಕೆ ಮುಖ್ಯ ಕಾರಣಗಳು ಎರಡು. ಗಂಡುಹೂವಿನ ಪರಾಗವು ಹೆಣ್ಣುಹೂವಿಗೆ ತಲುಪದಿರುವುದು ಒಂದು, ಹಣ್ಣುನೊಣವು ಹೀಚನ್ನು ಚುಚ್ಚಿ ಮೊಟ್ಟೆಯಿಡುವುದು ಇನ್ನೊಂದು. ಬುಡದಲ್ಲಿ ಪುಟ್ಟ ಕಾಯಿಯುಳ್ಳದ್ದು ಹೆಣ್ಣುಹೂವು. ಮುಂಜಾನೆ ಅರಳಿದ ಹೂವು ಬಿಸಿಲೇರುತ್ತಲೇ ಮುಚ್ಚಿಕೊಳ್ಳುವುದರಿಂದ, ಜೇನುನೊಣಗಳು ವಿರಳವಾದ ಪೇಟೆಯ ಹಿತ್ತಿಲುಗಳಲ್ಲಿ ಎಂಟು ಗಂಟೆಯೊಳಗೆ ಗಂಡುಹೂವನ್ನು ಕಿತ್ತು, ಎಸಳು ಬಿಡಿಸಿ, ಅದರ ಕೇಸರವನ್ನು ಹೆಣ್ಣುಹೂವಿನ ನಡುವೆ ಮೆಲ್ಲನೆ ಸವರಬೇಕು. ನೊಣಕ್ಕೆ ಕ್ಯೂಲ್ಯೂರ್ ಎಂಬ ಮೋಹಕದ ಬಲೆಯನ್ನು ತೂಗಿಸಿ, ಉದುರಿದ ಹೀಚುಗಳನ್ನು ಅಂದಂದೇ ಎರಡಡಿ ಆಳದಲ್ಲಿ ಹುಗಿಯಬೇಕು. ತಿಪ್ಪೆಗೆಸೆದರೆ ಅಲ್ಲಿಂದಲೇ ಮರಳಿ ನೊಣವೇಳುತ್ತದೆ.

ಸ್ಪರ್ಧೆಯ ಕಾಯಿಗಾಗಿ ಬುಡದಿಂದ ಎಂಟು ಹತ್ತಡಿ ದೂರದಲ್ಲಿ ತಾಯಿಬಳ್ಳಿಯ ಮೇಲೆ ನಿಂತ ಒಂದೇ ಹೀಚನ್ನು ಉಳಿಸುತ್ತಾರೆ. ಮಾರಾಟಕ್ಕೆ ಬೆಳೆಯುವವರು ಮೂರು ನಾಲ್ಕು ಕಾಯಿಗಳನ್ನು ಬಿಡುವುದೇ ಲಾಭಕರ. ಕಾಯಿಯ ಅಡಿಗೆ ಮರಳು ಅಥವಾ ಒಣಹುಲ್ಲನ್ನು ಹಾಸಿ, ಮೇಲೆ ಸೊಪ್ಪಿನ ನೆರಳು ಮಾಡಬೇಕು.

ನೀರಿನ ವಿಚಾರ

ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಸಿರುಗುಪ್ಪದ ಕಡೆ ನೀರಿಗೆ ಕೊರತೆಯಿಲ್ಲವೆಂಬ ಭಾವನೆ ಬೆಳೆಯಿತು. 2024 ರ ಆಗಸ್ಟ್ 10 ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋಗಿ ಅಪಾರವಾದ ನೀರು ಹೊಳೆಯ ಪಾಲಾದಾಗ, ಆ ಭರವಸೆ ಎಷ್ಟು ತೆಳುವಾದುದೆಂದು ಎಲ್ಲರಿಗೂ ತಿಳಿಯಿತು. ಹೆಚ್ಚು ನೀರು ಹಾಯಿಸಿದ ಎರೆಭೂಮಿಯಲ್ಲಿ ಸವಳು ಮೇಲೇಳುವುದೂ ಅನುಭವದ ಮಾತು. ಕುಂಬಳಕ್ಕೆ ಹೊಲವೆಲ್ಲ ನೀರು ಬೇಡ. ಬುಡಕ್ಕೂ ಬೇರೂರಿದ ಗೆಣ್ಣುಗಳಿಗೂ ಹನಿ ನೀರಾವರಿಯಿಂದಲೋ ಕೊಡದಿಂದಲೋ ಎಲೆ ನೆನೆಯದಂತೆ ಬೆಳಿಗ್ಗೆ ಉಣಿಸಿ, ಬುಡಕ್ಕೆ ಹುಲ್ಲು ಮುಚ್ಚಿದರೆ ಅಲ್ಪ ನೀರಿನಲ್ಲಿಯೇ ಬಳ್ಳಿ ನಳನಳಿಸುತ್ತದೆ. ಕೊಳವೆಬಾವಿಯ ನೀರು ಉಪ್ಪಾಗಿದ್ದಲ್ಲಿ ಬಿತ್ತನೆಗೆ ಮೊದಲೇ ಪರೀಕ್ಷೆ ಮಾಡಿಸತಕ್ಕದ್ದು.

ಈ ಕೆಲಸಗಳಿಗೆ ಹಣಕ್ಕಿಂತ ಹೆಚ್ಚಾಗಿ ಬೇಕಾದುದು ಬೆಳಗಿನ ಅರ್ಧ ಗಂಟೆಯ ಗಮನ. ಗ್ರಾಮದ ಮುಖಂಡರು ತಮ್ಮ ಹಿತ್ತಿಲಿನಲ್ಲಿ ನಾಲ್ಕು ಗುಣಿಗಳನ್ನು ಈ ರೀತಿಯಲ್ಲಿ ಬೆಳೆಸಿ, ಪಕ್ಕದಲ್ಲಿ ನಾಲ್ಕನ್ನು ವಾಡಿಕೆಯಂತೆ ಬಿಟ್ಟು, ಕೊಯ್ಲಿನ ದಿನ ಎರಡನ್ನೂ ಊರಿನವರ ಎದುರಿಗೆ ತೂಗಿಸಲಿ. ಉಪದೇಶಕ್ಕಿಂತ ತಕ್ಕಡಿಯ ಮಾತನ್ನು ರೈತನು ಬೇಗ ನಂಬುತ್ತಾನೆ.